ಕಿತ್ತೂರಿನ ಸೆರೆಯಾಳು ವಾಲ್ಟರ್ ಎಲಿಯಟ್

ಕಿತ್ತೂರಿನ ಇತಿಹಾಸದಲ್ಲಿ ವಾಲ್ಟರ್ ಎಲಿಯಟ್ಟನಿಗೆ ದೊರೆಯುವುದು ಸಾಮಾನ್ಯವಾಗಿ ಒಂದೇ ವಾಕ್ಯ: 1824ರ ಅಕ್ಟೋಬರ್ 23ರಂದು ಥ್ಯಾಕರೆ ಹತನಾದಾಗ ಸ್ಟೀವನ್‌ಸನ್ನನೊಡನೆ ಸೆರೆಸಿಕ್ಕವನು. ಶಾಸನಾಭ್ಯಾಸಿಗಳು ಬಲ್ಲ ಎಲಿಯಟ್ಟನೂ ಇವನೇ ಎಂಬುದನ್ನು ನಾವು ಜೋಡಿಸಿ ನೋಡುವುದು ವಿರಳ.

ಸ್ಕಾಟ್ಲೆಂಡಿನ ವುಲ್ಫ್‌ಲೀ ಮನೆತನದ ಈತ 1803ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದನು. ಸೆರೆಸಿಕ್ಕಾಗ 21 ವರ್ಷದ ತರುಣ. ಡಿಸೆಂಬರಿನಲ್ಲಿ ಕೋಟೆ ಬೀಳುವ ಮುನ್ನವೇ ರಾಣಿ ಚೆನ್ನಮ್ಮ ಈ ಸೆರೆಯಾಳುಗಳನ್ನು ಜೀವಸಹಿತ ಬಿಟ್ಟುಕೊಟ್ಟಳು. ಅವಳಿಗಾದರೋ ಬೈಲಹೊಂಗಲದ ಸೆರೆಯಿಂದ ಬಿಡುಗಡೆಯಾಗಲಿಲ್ಲ. 1829ರಲ್ಲಿ ಅಲ್ಲಿಯೇ ತೀರಿಕೊಂಡಳು.

ಎಲಿಯಟ್ 1833ರವರೆಗೆ ಇದೇ ಸೀಮೆಯಲ್ಲಿ ಅಧಿಕಾರಿಯಾಗಿದ್ದನು. ಆತ ನಕಲು ಮಾಡಿಸಿದ ಶಾಸನಗಳು 595. ಅವುಗಳ ಬಲದಿಂದಲೇ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಚಾಲುಕ್ಯರ ವಂಶಕ್ರಮವನ್ನು ನಿರೂಪಿಸಿದನು. ಮುಂದೆ ಫ್ಲೀಟನಿಗೂ ಈ ಸಂಗ್ರಹ ಒದಗಿತು. ನಕಲುಗಾರರ ತಪ್ಪುಗಳು ಅದರಲ್ಲಿ ಇಲ್ಲದಿಲ್ಲ. ಮೂಲ ಕಲ್ಲಿನೊಡನೆ ಹೋಲಿಸದೆ ಒಂದು ಪಾಠವನ್ನೂ ನೆಚ್ಚಲಾಗದು. ಆದರೂ ಎಲಿಯಟ್ಟನ ಜೀವನವನ್ನು ಅರಸುವವರು ವಂಶಾವಳಿಗಿಂತ ಮೊದಲು ಈ ಸಂಪುಟಗಳನ್ನೇ ತೆರೆಯಬೇಕೆಂದು ನಮ್ಮ ಅಭಿಪ್ರಾಯ. ತನ್ನನ್ನು ಸೆರೆಹಿಡಿದ ನಾಡಿನ ಯಾವ ಯಾವ ಊರಿನ ಕಲ್ಲುಗಳವರೆಗೆ ಆತನ ಆಸಕ್ತಿ ಹಬ್ಬಿತ್ತೆಂಬುದು ಅಲ್ಲಿ ಊರೂರಿನ ಹೆಸರಿನೊಡನೆ ದಾಖಲಾಗಿದೆ.