ಕಾರಿನ ಫ್ಲೋರ್ ಮ್ಯಾಟ್

ಕಾರಿನ ಫ್ಲೋರ್ ಮ್ಯಾಟ್ ಅಥವಾ ಕಾಲುಹಾಸು ಎಂಬುದು ವಾಹನದ ಒಳನೆಲದ ಕಾರ್ಪೆಟ್ಟನ್ನು ಮಣ್ಣು, ನೀರು ಹಾಗೂ ಸವೆತದಿಂದ ಕಾಪಾಡಲು ಅದರ ಮೇಲೆ ಹಾಸುವ, ಬೇಕಾದಾಗ ತೆಗೆದು ತೊಳೆಯಬಹುದಾದ ಹೊದಿಕೆ. ಇದನ್ನು ರಬ್ಬರ್, ಪಿವಿಸಿ, ಥರ್ಮೋಪ್ಲಾಸ್ಟಿಕ್, ಕೃತಕ ಚರ್ಮ, ಕಾರ್ಪೆಟ್ ಬಟ್ಟೆ ಮೊದಲಾದ ವಸ್ತುಗಳಿಂದ ತಯಾರಿಸಲಾಗುತ್ತದೆ. ಕಾರ್ಪೆಟ್ಟಿನ ರಕ್ಷಣೆಯೇ ಇದರ ಮುಖ್ಯ ಉದ್ದೇಶ. ಆದರೆ ಚಾಲಕನ ಬದಿಯ ಮ್ಯಾಟ್ ಆಕ್ಸಿಲರೇಟರ್, ಬ್ರೇಕ್ ಮತ್ತು ಕ್ಲಚ್ ಪೆಡಲ್‌ಗಳ ಕೆಳಗೇ ಇರುವುದರಿಂದ ಅದರ ಆಯ್ಕೆ ಮತ್ತು ಜೋಡಣೆ ಪ್ರಯಾಣಿಕರ ಸುರಕ್ಷತೆಗೂ ಸಂಬಂಧಿಸಿದೆ.

ಕಾರ್ಪೆಟ್ಟಿನ ರಚನೆ ಮತ್ತು ಹಾನಿ

ಹೆಚ್ಚಿನ ಕಾರುಗಳ ಕಾರ್ಪೆಟ್ಟನ್ನು ನೈಲಾನ್, ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಎಳೆಗಳಿಂದ ತಯಾರಿಸಿ, ನೆಲದ ಏರುತಗ್ಗುಗಳಿಗೆ ಹೊಂದುವಂತೆ ಅಚ್ಚಿನಲ್ಲಿ ಒತ್ತಿ ರೂಪಿಸಲಾಗುತ್ತದೆ. ಅದರಡಿಯಲ್ಲಿ ಸದ್ದು ಮತ್ತು ಶಾಖವನ್ನು ತಗ್ಗಿಸುವ ಫೋಮ್ ಅಥವಾ ಫೆಲ್ಟ್ ಪದರವೂ, ಅದರ ಕೆಳಗೆ ಉಕ್ಕಿನ ತಗಡಿನ ನೆಲವೂ ಇರುತ್ತವೆ. ಅನೇಕ ಮಾದರಿಗಳಲ್ಲಿ ವಿದ್ಯುತ್ ತಂತಿಗಳ ಕಟ್ಟು ಕಾರ್ಪೆಟ್ಟಿನಡಿಯಲ್ಲೇ ಹಾದುಹೋಗುತ್ತದೆ. ಕಾರ್ಪೆಟ್ಟನ್ನು ಪೂರ್ತಿಯಾಗಿ ಹೊರತೆಗೆಯಲು ಸಾಮಾನ್ಯವಾಗಿ ಆಸನಗಳನ್ನೂ ನಡುವಿನ ಕನ್ಸೋಲನ್ನೂ ಬಿಚ್ಚಬೇಕಾಗುತ್ತದೆ. ಹೀಗಾಗಿ ಅದನ್ನು ಬದಲಿಸುವ ಖರ್ಚು ಒಂದು ಜೊತೆ ಮ್ಯಾಟ್‌ನ ಬೆಲೆಗಿಂತ ಬಹಳ ಹೆಚ್ಚು.

ಕಾರ್ಪೆಟ್ಟಿಗೆ ಹಾನಿ ಮುಖ್ಯವಾಗಿ ಮೂರು ಬಗೆಯಲ್ಲಿ ಆಗುತ್ತದೆ. ಮೊದಲನೆಯದು ಮರಳಿನ ಕಣಗಳಿಂದ: ಎಳೆಗಳ ಬುಡಕ್ಕೆ ಇಳಿದ ಕಣಗಳು ಪ್ರತಿ ತುಳಿತಕ್ಕೂ ಎಳೆಗಳನ್ನು ಉಜ್ಜಿ ಸವೆಸುತ್ತವೆ. ಎರಡನೆಯದು ಚಾಲಕನ ಬಲಗಾಲಿನ ಹಿಮ್ಮಡಿಯಿಂದ: ಆಕ್ಸಿಲರೇಟರ್ ಮತ್ತು ಬ್ರೇಕ್‌ಗಳ ನಡುವೆ ಪಾದ ಹೊರಳುವಾಗ ಹಿಮ್ಮಡಿ ಒಂದೇ ಜಾಗದಲ್ಲಿ ಊರಿರುವುದರಿಂದ ಅಲ್ಲಿ ತೂತು ಬೀಳುತ್ತದೆ. ಮೂರನೆಯದು ತೇವದಿಂದ: ಮೇಲಿನ ಎಳೆಗಳು ಒಣಗಿದರೂ ಕೆಳಗಿನ ಫೋಮ್ ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಇದರಿಂದ ದುರ್ವಾಸನೆ ಮತ್ತು ಬೂಷ್ಟು ಉಂಟಾಗುವುದಲ್ಲದೆ ನೆಲದ ತಗಡಿಗೆ ತುಕ್ಕು ಹಿಡಿಯಬಹುದು. ತಂತಿಗಳ ಜೋಡಣೆಗಳೂ ಕೆಡಬಹುದು.

ವಿಧಗಳು

ರಬ್ಬರ್ ಮ್ಯಾಟ್: ನೀರನ್ನು ಹೀರುವುದಿಲ್ಲ, ತೊಳೆಯುವುದು ಸುಲಭ, ಬಾಳಿಕೆ ಹೆಚ್ಚು. ಭಾರವಿರುವುದರಿಂದ ಬೇಗ ಜರುಗುವುದಿಲ್ಲ. ಹೊಸದರಲ್ಲಿ ವಾಸನೆ ಇರುತ್ತದೆ.

ಪಿವಿಸಿ ಮ್ಯಾಟ್: ರಬ್ಬರಿಗಿಂತ ಸಾಮಾನ್ಯವಾಗಿ ಅಗ್ಗ. ಕಡಿಮೆ ದರ್ಜೆಯವು ಬಿಸಿಲಿಗೆ ಮೆತ್ತಗಾಗಿ ಅಂಚು ಸುರುಳಿಗೊಳ್ಳುತ್ತವೆ. ಸುರುಳಿಗೊಂಡ ಅಂಚು ಪೆಡಲ್‌ಗೆ ತಗಲಬಹುದು.

ನೂಡಲ್ ಮ್ಯಾಟ್: ಪಿವಿಸಿ ಎಳೆಗಳನ್ನು ಸಿಕ್ಕುಸಿಕ್ಕಾಗಿ ಹೆಣೆದಂತಿರುವ ಈ ಮ್ಯಾಟ್‌ನಲ್ಲಿ ಧೂಳು, ಮರಳು ಕೆಳಗಿಳಿದು ಮೇಲ್ಮೈ ಸ್ವಚ್ಛವಾಗಿ ಕಾಣುತ್ತದೆ. ಆದರೆ ಆಗಾಗ ಕೊಡವದಿದ್ದರೆ ಒಳಗೆ ಮಣ್ಣು ತುಂಬಿಕೊಳ್ಳುತ್ತದೆ.

ಕಾರ್ಪೆಟ್ ಮ್ಯಾಟ್: ಕಾಲಿಗೆ ಹಿತ, ನೋಟಕ್ಕೆ ಕಾರಿನ ಒಳಾಂಗಣಕ್ಕೆ ಹೊಂದಿಕೆ. ಒಣ ಹವೆಗೆ ಸೂಕ್ತ. ಒದ್ದೆಯಾದರೆ ಒಣಗಲು ಸಮಯ ಬೇಕು.

ಅಂಚು ಎತ್ತರಿಸಿದ ಅಚ್ಚಿನ ಮ್ಯಾಟ್: ಆಯಾ ಮಾದರಿಯ ನೆಲದ ಆಕಾರಕ್ಕೆ ಅಚ್ಚು ಹಾಕಿ ತಯಾರಿಸಿದ್ದು. ತಟ್ಟೆಯಂತೆ ನೀರನ್ನು ಒಳಗೇ ಹಿಡಿದಿಡುವುದರಿಂದ ಕಾರ್ಪೆಟ್ಟಿಗೆ ಉತ್ತಮ ರಕ್ಷಣೆ ನೀಡುತ್ತದೆ.

ಕೃತಕ ಚರ್ಮದ ಪದರಿನ ಮ್ಯಾಟ್: ಭಾರತದ ಮಾರುಕಟ್ಟೆಯಲ್ಲಿ ‘5ಡಿ’, ‘7ಡಿ’ ಮುಂತಾದ ಹೆಸರುಗಳಲ್ಲಿ ಮಾರಾಟವಾಗುತ್ತದೆ. ಈ ಸಂಖ್ಯೆಗಳು ಗುಣಮಟ್ಟದ ಅಳತೆಯಲ್ಲ, ವ್ಯಾಪಾರದ ಹೆಸರುಗಳು ಮಾತ್ರ. ನೆಲವನ್ನು ಹೆಚ್ಚು ವಿಸ್ತಾರವಾಗಿ ಮುಚ್ಚುವ ಇಂತಹ ಮ್ಯಾಟ್‌ನ ಹೊಲಿಗೆ ಅಥವಾ ಅಂಚಿನ ಮೂಲಕ ನೀರು ಕೆಳಗಿಳಿದರೆ ಅದು ಕಣ್ಣಿಗೆ ಬೀಳದೆ ಅಲ್ಲೇ ಉಳಿಯುತ್ತದೆ.

ಹೊಸ ಕಾರಿನ ಕಾರ್ಪೆಟ್ಟಿನ ಮೇಲಿರುವ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಹಾಗೆಯೇ ಬಿಡುವ ರೂಢಿಯೂ ಇದೆ. ಆ ಹಾಳೆ ಮ್ಯಾಟ್‌ಗೆ ಬದಲಿಯಲ್ಲ. ಅದು ತೇವವನ್ನು ಅಡಿಯಲ್ಲಿ ಹಿಡಿದಿಡುತ್ತದೆ. ಅದರ ಮೇಲೆ ಹಾಸಿದ ಮ್ಯಾಟ್ ಸುಲಭವಾಗಿ ಜಾರುತ್ತದೆ.

ಪ್ರದೇಶಕ್ಕೆ ತಕ್ಕ ಆಯ್ಕೆ

ಎಲ್ಲ ಊರಿಗೂ ಒಂದೇ ವಿಧದ ಮ್ಯಾಟ್ ಹೊಂದುವುದಿಲ್ಲ. ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಚಪ್ಪಲಿ, ನೀರಿಳಿಯುವ ಕೊಡೆ ಮತ್ತು ಕೆಸರು ನಿತ್ಯವೂ ಕಾರಿನೊಳಗೆ ಬರುತ್ತವೆ. ಇಲ್ಲಿನ ಕೆಂಪುಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡ್‌ನಿಂದಾಗುವ ಕಲೆ ತಿಳಿಬಣ್ಣದ ಕಾರ್ಪೆಟ್ಟಿನಿಂದ ಸುಲಭವಾಗಿ ಹೋಗದು. ಇಂತಹ ಕಡೆ ಅಂಚು ಎತ್ತರಿಸಿದ ರಬ್ಬರ್ ಅಥವಾ ಥರ್ಮೋಪ್ಲಾಸ್ಟಿಕ್ ಮ್ಯಾಟ್ ಹೆಚ್ಚು ಉಪಯುಕ್ತ. ಧೂಳು ಹೆಚ್ಚಿರುವ ಬಯಲುಸೀಮೆಯಲ್ಲಿ ಕಾರ್ಪೆಟ್ ಅಥವಾ ನೂಡಲ್ ಮ್ಯಾಟ್ ಕೂಡ ಸಾಕಾಗುತ್ತದೆ. ಕಾಲಕ್ಕೆ ತಕ್ಕಂತೆ ಮ್ಯಾಟ್ ಬದಲಿಸುವವರು ಮಳೆಗಾಲದ ಮ್ಯಾಟ್ಟನ್ನು ಹಳೆಯದರ ಮೇಲೆ ಹಾಸದೆ, ಹಳೆಯದನ್ನು ತೆಗೆದೇ ಹಾಸಬೇಕು.

ಪೆಡಲ್ ಸಿಲುಕುವ ಅಪಾಯ

ಸರಿಯಾಗಿ ಕೂರದ ಮ್ಯಾಟ್ ಮುಂದಕ್ಕೆ ಜರುಗಿ, ಪೂರ್ತಿ ಒತ್ತಿದ ಆಕ್ಸಿಲರೇಟರ್ ಪೆಡಲನ್ನು ತನ್ನ ಅಂಚಿನಲ್ಲಿ ಸಿಲುಕಿಸಿಕೊಳ್ಳಬಹುದು. ಆಗ ಚಾಲಕ ಕಾಲು ತೆಗೆದರೂ ಎಂಜಿನ್ನಿನ ವೇಗ ತಗ್ಗುವುದಿಲ್ಲ. ಮ್ಯಾಟ್ ಬ್ರೇಕ್ ಪೆಡಲ್‌ನ ಕೆಳಗೆ ಮುದುಡಿದರೆ ಬ್ರೇಕ್ ಪೂರ್ತಿಯಾಗಿ ಒತ್ತಲಾಗದಿರಬಹುದು.

ಈ ಅಪಾಯವು ಜಗತ್ತಿನ ಗಮನಕ್ಕೆ ಬಂದದ್ದು ಅಮೆರಿಕದ ಒಂದು ದುರಂತದಿಂದ. 2009ರ ಆಗಸ್ಟ್ 28ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಬಳಿ ಲೆಕ್ಸಸ್ ಇಎಸ್ 350 ಕಾರು ನಿಯಂತ್ರಣಕ್ಕೆ ಸಿಗದೆ ಅಪಘಾತಕ್ಕೀಡಾಗಿ, ಅದನ್ನು ಓಡಿಸುತ್ತಿದ್ದ ಹೆದ್ದಾರಿ ಗಸ್ತು ಅಧಿಕಾರಿಯೂ ಕುಟುಂಬದ ಮೂವರೂ ಮೃತಪಟ್ಟರು. ಅದು ಮಾರಾಟಗಾರರು ತಾತ್ಕಾಲಿಕ ಬಳಕೆಗೆ ಕೊಟ್ಟಿದ್ದ ಕಾರು. ಲೆಕ್ಸಸ್‌ನ ಬೇರೊಂದು ಮಾದರಿಗಾಗಿ ತಯಾರಿಸಿದ ರಬ್ಬರ್ ಮ್ಯಾಟ್ ಅದರಲ್ಲಿತ್ತೆಂದು ತನಿಖೆಯಲ್ಲಿ ಕಂಡುಬಂದಿತು. ಲೆಕ್ಸಸ್‌ನ ಒಡೆತನ ಹೊಂದಿರುವ ಟೊಯೊಟಾ 2007ರಲ್ಲಿಯೇ ಸುಮಾರು 55,000 ರಬ್ಬರ್ ಮ್ಯಾಟ್‌ಗಳನ್ನು ಹಿಂದಕ್ಕೆ ಕರೆಸಿತ್ತು. ದುರಂತದ ಮರುತಿಂಗಳು ಅದು ಅಮೆರಿಕದಲ್ಲಿನ ಸುಮಾರು 38 ಲಕ್ಷ ವಾಹನಗಳ ಮಾಲೀಕರಿಗೆ ಚಾಲಕನ ಬದಿಯ ಮ್ಯಾಟ್ಟನ್ನು ತೆಗೆದಿಡುವಂತೆ ಸೂಚಿಸಿತು. ವಿದ್ಯುನ್ಮಾನ ದೋಷವೂ ಕಾರಣವಾಗಿರಬಹುದೆಂಬ ಶಂಕೆಯ ಹಿನ್ನೆಲೆಯಲ್ಲಿ ನಾಸಾ ಸಂಸ್ಥೆಯ ಎಂಜಿನಿಯರುಗಳು ಅಧ್ಯಯನ ನಡೆಸಿದರು. ಅಪಾಯಕಾರಿ ವೇಗಕ್ಕೆ ಕಾರಣವಾಗುವ ವಿದ್ಯುನ್ಮಾನ ದೋಷ ಕಂಡುಬಂದಿಲ್ಲವೆಂದು 2011ರ ಫೆಬ್ರವರಿಯಲ್ಲಿ ಪ್ರಕಟವಾದ ವರದಿ ತಿಳಿಸಿತು. ಮ್ಯಾಟ್‌ಗೆ ಸಿಲುಕುವ ಪೆಡಲ್ ಮತ್ತು ತಾನಾಗಿಯೇ ಬಿಗಿಯಾಗುವ ಪೆಡಲ್ ಎಂಬ ಎರಡು ಯಾಂತ್ರಿಕ ಕಾರಣಗಳು ಅದಾಗಲೇ ಗುರುತಿಸಲ್ಪಟ್ಟಿದ್ದವು. ಈ ಎರಡು ದೋಷಗಳ ಕುರಿತು ಗ್ರಾಹಕರಿಗೆ ತಪ್ಪು ಮಾಹಿತಿ ನೀಡಿದ ಪ್ರಕರಣದಲ್ಲಿ ಟೊಯೊಟಾ 2014ರಲ್ಲಿ 120 ಕೋಟಿ ಡಾಲರ್ ದಂಡ ತೆರಲು ಒಪ್ಪಿಕೊಂಡಿತು.

ಅಳತೆ ಮತ್ತು ಜೋಡಣೆ

ಚಾಲಕನ ಬದಿಗೆ ಆಯಾ ಕಾರಿನ ಮಾದರಿ ಹಾಗೂ ತಯಾರಿಕೆಯ ವರ್ಷಕ್ಕೆಂದೇ ರೂಪಿಸಿದ ಮ್ಯಾಟ್ ಮಾತ್ರ ಸೂಕ್ತ. ಎಲ್ಲ ಕಾರುಗಳಿಗೂ ಹೊಂದುವುದೆಂದು ಮಾರುವ ಮ್ಯಾಟ್‌ಗಳಲ್ಲಿ ಕೊಕ್ಕೆ ಸಿಕ್ಕಿಸುವ ತೂತುಗಳು ಇಲ್ಲದಿರಬಹುದು ಅಥವಾ ಸರಿಯಾದ ಜಾಗದಲ್ಲಿ ಇಲ್ಲದಿರಬಹುದು. ಅನೇಕ ಕಾರುಗಳ ನೆಲದಲ್ಲಿ ಮ್ಯಾಟ್ಟನ್ನು ಹಿಡಿದಿಡಲು ಕೊಕ್ಕೆ ಅಥವಾ ತಿರುಗಿಸಿ ಬಿಗಿಯುವ ಗುಂಡಿಗಳಿದ್ದು, ಅವೆಲ್ಲವನ್ನೂ ಬಳಸಬೇಕಾಗುತ್ತದೆ. ಮ್ಯಾಟ್ ತಲೆಕೆಳಗಾಗಿರಬಾರದು, ಒಂದರ ಮೇಲೊಂದು ಹಾಸಿರಬಾರದು.

ಹಾಸಿದ ನಂತರ ನಿಂತ ಕಾರಿನಲ್ಲಿ ಎಂಜಿನ್ ಆರಿಸಿ ಪರೀಕ್ಷಿಸುವುದು ವಾಡಿಕೆ. ಪ್ರತಿ ಪೆಡಲನ್ನೂ ಕೊನೆಯವರೆಗೆ ಒತ್ತಿ ಬಿಟ್ಟಾಗ ಅದು ಮ್ಯಾಟ್‌ಗೆ ತಾಗದೆ ತಾನಾಗಿ ಮೇಲೆ ಬರಬೇಕು. ಆಸನವನ್ನು ಹಿಂದೆ ಮುಂದೆ ಸರಿಸಿದಾಗ ಮ್ಯಾಟ್ ಜರುಗಬಾರದು. ಕಾರನ್ನು ತೊಳೆಸಿದ ಅಥವಾ ಸರ್ವಿಸ್‌ಗೆ ಕೊಟ್ಟು ತಂದ ಪ್ರತಿ ಬಾರಿಯೂ ಈ ಪರೀಕ್ಷೆ ಅಗತ್ಯ, ಏಕೆಂದರೆ ಆಗ ಮ್ಯಾಟ್ ತೆಗೆದವರು ಕೊಕ್ಕೆ ಸಿಕ್ಕಿಸದೆ ಮರಳಿ ಇಟ್ಟಿರಬಹುದು.

ಚಲಿಸುವಾಗ ಆಕ್ಸಿಲರೇಟರ್ ಸಿಲುಕಿದರೆ ಬಗ್ಗಿ ಮ್ಯಾಟ್ ಎಳೆಯಲು ಯತ್ನಿಸದೆ, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತುವ ಬದಲು ಒಂದೇ ಸಮನೆ ಬಲವಾಗಿ ಒತ್ತಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಓಡುತ್ತಿರುವ ಕಾರಿನ ಕೀಲಿಯನ್ನು ಹೊರಗೆಳೆದರೆ ಸ್ಟಿಯರಿಂಗ್ ಲಾಕ್ ಆಗುವ ಅಪಾಯವಿದೆ.

ನಿರ್ವಹಣೆ

ಮ್ಯಾಟ್ಟನ್ನು ಕಾರಿನಿಂದ ಹೊರತೆಗೆದು ಕೊಡವಿ, ಸೌಮ್ಯ ಸಾಬೂನಿನ ನೀರಿನಲ್ಲಿ ತೊಳೆದು, ಎರಡೂ ಬದಿ ಪೂರ್ತಿ ಒಣಗಿದ ಮೇಲೆಯೇ ಮರಳಿ ಹಾಸಬೇಕು. ಡ್ಯಾಶ್‌ಬೋರ್ಡ್‌ಗೆ ಬಳಸುವ ಹೊಳಪು ದ್ರಾವಣಗಳನ್ನು ಹಚ್ಚಿದರೆ ಮೇಲ್ಮೈ ಜಾರುವಂತಾಗಿ ಪಾದ ಪೆಡಲ್‌ನಿಂದ ತಪ್ಪಬಹುದು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಮ್ಯಾಟ್ ಎತ್ತಿ ಅಡಿಯ ಕಾರ್ಪೆಟ್ಟನ್ನು ಮುಟ್ಟಿ ನೋಡುವುದು ಒಳ್ಳೆಯದು. ಮ್ಯಾಟ್ ಒಣಗಿದ್ದು ಕಾರ್ಪೆಟ್ ಮಾತ್ರ ಒದ್ದೆಯಾಗಿದ್ದರೆ, ನೀರು ಕಟ್ಟಿಕೊಂಡ ಏ.ಸಿ. ನಾಳದಿಂದಲೋ ಬಾಗಿಲಿನ ಸವೆದ ರಬ್ಬರ್ ಪಟ್ಟಿಯಿಂದಲೋ ಬರುತ್ತಿರಬಹುದು. ಅಂತಹ ಸೋರಿಕೆಯನ್ನು ಯಾವ ಮ್ಯಾಟ್ ಕೂಡ ತಡೆಯದು. ಮೂಲವನ್ನು ಸರಿಪಡಿಸಿ ಕಾರ್ಪೆಟ್ಟನ್ನು ಒಣಗಿಸಿದ ನಂತರವೇ ಮ್ಯಾಟ್ ಹಾಸಬೇಕಾಗುತ್ತದೆ.