ಟ್ಯೂಬಿನ ಮೇಲೆ ಐವತ್ತು, ಮುಖದ ಮೇಲೆ ಎಷ್ಟು?

ಏಪ್ರಿಲ್ ನಾಲ್ಕನೇ ವಾರ, ಮಧ್ಯಾಹ್ನ 12.20ರ ಸುಮಾರಿಗೆ ಮೈಸೂರಿನ ಸಿದ್ಧಾರ್ಥನಗರದ ಯಾವ ರಸ್ತೆಯಲ್ಲಿ ನಿಂತರೂ ನಮ್ಮ ನೆರಳು ಕಾಲಡಿಯಲ್ಲೇ ಮುದುಡಿಕೊಳ್ಳುತ್ತದೆ. ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ. ಆಗಸ್ಟ್ 20ರ ಆಸುಪಾಸು ಮತ್ತೊಮ್ಮೆ ಹೀಗೇ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದ ಮೈಸೂರಿನ ಹವೆ ತಂಪೆಂದು ನಮಗೆ ಹೆಮ್ಮೆ. ಆದರೆ ನೇರಳಾತೀತ ಕಿರಣಕ್ಕೆ ಆ ತಂಪಿನ ಹಂಗಿಲ್ಲ; ಎತ್ತರ ಹೆಚ್ಚಿದಷ್ಟೂ ಅದು ತುಸು ಜೋರೇ. ಬೇಸಿಗೆಯ ನಡುಹಗಲಲ್ಲಿ ಇಲ್ಲಿ ಈ ಕಿರಣದ ತೀವ್ರತೆ ಅಳೆಯುವ ಯುವಿ ಸೂಚ್ಯಂಕ 11 ದಾಟುತ್ತದೆ. ಸೂಚ್ಯಂಕ 3 ಮುಟ್ಟಿದರೆ ಸಾಕು, ಚರ್ಮಕ್ಕೆ ರಕ್ಷಣೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇಲ್ಲಿನ ತೆರೇಶಿಯನ್ ಕಾಲೇಜಿನ ಹುಡುಗಿಯರ ಬ್ಯಾಗಿನಲ್ಲೂ ಜಿಲ್ಲಾಧಿಕಾರಿ ಕಚೇರಿಗೆ ಹೋಗುವ ನೌಕರರ ಬೈಕಿನ ಪೆಟ್ಟಿಗೆಯಲ್ಲೂ ಈಗ ಸನ್‌ಸ್ಕ್ರೀನ್ ಇರುತ್ತದೆ. ಒಳ್ಳೆಯದೇ. ನನ್ನ ಆತಂಕ ಅದರ ಮೇಲೆ ಅಚ್ಚಾಗಿರುವ ರಕ್ಷಣೆಯ ಮಟ್ಟ ‘ಎಸ್‌ಪಿಎಫ್ 50’ ಕುರಿತದ್ದು. ಪ್ರಯೋಗಾಲಯದಲ್ಲಿ ಚರ್ಮದ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಬಳಿದಾಗ ಸಿಗುವ ಅಂಕಿ ಅದು. ಜನ ನಿಜಕ್ಕೂ ಹಚ್ಚುವುದು ಅರ್ಧದಿಂದ ಒಂದು ಮಿಲಿಗ್ರಾಂ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಲೇಪ ಅರ್ಧವಾದರೆ ರಕ್ಷಣೆ ಅರ್ಧಕ್ಕೂ ಕೆಳಗಿಳಿಯಬಹುದು.

ಮನೆಯಲ್ಲೇ ಲೆಕ್ಕ ಹಾಕಿ ನೋಡಿ. ಮುಖ, ಕತ್ತು ಸೇರಿ ಸುಮಾರು 600 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಂದು ಸಲಕ್ಕೆ 1.2 ಗ್ರಾಂ ಬೇಕು. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎಳೆದ ಎರಡು ಗೆರೆಯಷ್ಟು. ದಿನಕ್ಕೆ ಎರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬು ಮೂರು ವಾರಕ್ಕೆ ಬರಿದಾಗಬೇಕು. ನಿಮ್ಮದು ಮೂರು ತಿಂಗಳು ಬಾಳಿದೆಯೇ? ಹಾಗಾದರೆ ಆ ಐವತ್ತು ನಿಮ್ಮ ಮುಖದ ಮೇಲೆ ಒಂದು ದಿನವೂ ಇರಲಿಲ್ಲ. ಬೆವರಿಗೆ ಕರಗಿ, ಕರವಸ್ತ್ರಕ್ಕೆ ಅಂಟಿ ಹೋಗುವುದರಿಂದ ಬಿಸಿಲಲ್ಲಿರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆಳಗ್ಗೆ ಎಂಟಕ್ಕೆ ಹಚ್ಚಿದ್ದನ್ನು ನಂಬಿ ಮಧ್ಯಾಹ್ನ ಸರತಿಯಲ್ಲಿ ನಿಲ್ಲುವವರೇ ಹೆಚ್ಚು. ಅಂಕಿಯೇ ಸುಳ್ಳಾಗಿರುವುದೂ ಉಂಟು: ಆಸ್ಟ್ರೇಲಿಯಾದ ಗ್ರಾಹಕ ಸಂಸ್ಥೆ ‘ಚಾಯ್ಸ್’ 2025ರಲ್ಲಿ ಪರೀಕ್ಷಿಸಿದ 20 ಸನ್‌ಸ್ಕ್ರೀನ್‌ಗಳಲ್ಲಿ 16 ತಾವು ಹೇಳಿಕೊಂಡ ಮಟ್ಟ ಮುಟ್ಟಲಿಲ್ಲ.

ಸನ್‌ಸ್ಕ್ರೀನ್ ನಿರುಪಯೋಗಿ ಎನ್ನುತ್ತಿಲ್ಲ. ಆಸ್ಟ್ರೇಲಿಯಾದ ನಂಬೂರ್ ಪಟ್ಟಣದಲ್ಲಿ 1992ರಲ್ಲಿ 1,621 ಜನರೊಂದಿಗೆ ಆರಂಭವಾದ ಪ್ರಯೋಗದಲ್ಲಿ, ತಪ್ಪದೆ ದಿನವೂ ಹಚ್ಚಿದವರಲ್ಲಿ ಸ್ಕ್ವಾಮಸ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇ 40ರಷ್ಟು ಕಡಿಮೆಯಾಯಿತು. ಅಲ್ಲಿ ಬಳಸಿದ್ದು ಬರೀ ಎಸ್‌ಪಿಎಫ್ 16ರದ್ದು. ದೊಡ್ಡ ಅಂಕಿ ತರುವ ಧೈರ್ಯವೇ ಅಪಾಯ. 1999ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಎಸ್‌ಪಿಎಫ್ 30 ಪಡೆದ ಯುವಜನರು, 10 ಪಡೆದವರಿಗಿಂತ ಹೆಚ್ಚು ಹೊತ್ತು ಬಿಸಿಲು ಕಾಯಿಸಿದ್ದರು.

ನಮ್ಮ ಕಂದು ಚರ್ಮದ ಮೆಲನಿನ್ ದೊಡ್ಡ ಕೊಡೆ, ನಿಜ. ಚರ್ಮದ ಕ್ಯಾನ್ಸರ್ ಇಲ್ಲಿ ವಿರಳ. ನಮಗೆ ಬರುವುದು ಬೇರೆ: ಕೆನ್ನೆಯ ಮೇಲೆ ಹರಡುವ ಬಂಗು, ಬೇಗ ಬೀಳುವ ಸುಕ್ಕು, ಕಣ್ಣಿನ ಪೊರೆ. ಪೊರೆಗೆ ಯಾವ ಕ್ರೀಮೂ ಅಡ್ಡ ಬರುವುದಿಲ್ಲ. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಕೆರಳಿಸುತ್ತದೆ; ಹಚ್ಚಿದರೆ ಕಾಣದಂಥ ಸನ್‌ಸ್ಕ್ರೀನ್ ಅದನ್ನು ತಡೆಯದು, ಐರನ್ ಆಕ್ಸೈಡ್ ಬೆರೆತ ಬಣ್ಣದ್ದೇ ಬೇಕು. ತೊನ್ನು ಇರುವವರಿಗಂತೂ ಆ ಬಿಳಿ ಜಾಗದಲ್ಲಿ ಮೆಲನಿನ್ನಿನ ಕಾವಲೂ ಇಲ್ಲ.

ಹೀಗಿರುವಾಗ ನಮ್ಮ ಮೊದಲ ರಕ್ಷಣೆಯಾದ ಮರದ ನೆರಳನ್ನು ನಾವೇ ಕಡಿಯುತ್ತಿದ್ದೇವೆ. 2025ರ ಏಪ್ರಿಲ್‌ನಲ್ಲಿ, ಸಿದ್ಧಾರ್ಥನಗರಕ್ಕೆ ಹತ್ತಿರದ ಹೈದರಾಲಿ ರಸ್ತೆಯಲ್ಲಿ ಅಗಲೀಕರಣಕ್ಕೆಂದು 40 ಮರಗಳನ್ನು ಉರುಳಿಸಲಾಯಿತು. ಅವುಗಳ ಕೆಳಗೆ ಬಸ್ಸಿಗೆ ಕಾದವರು, ಗಾಡಿ ನಿಲ್ಲಿಸಿ ಮಾರಿದವರು, ಕಸ ಗುಡಿಸಿದ ಪೌರಕಾರ್ಮಿಕರು ಮೂರು ವಾರಕ್ಕೊಂದು ಟ್ಯೂಬು ಕೊಳ್ಳಬಲ್ಲರೇ? ಏಪ್ರಿಲ್‌ನಲ್ಲಿ ಬೆಳಗ್ಗೆ ಒಂಬತ್ತೂವರೆಯಿಂದ ಮೂರೂಕಾಲರವರೆಗೆ ಇಲ್ಲಿ ನಮ್ಮ ನೆರಳು ನಮಗಿಂತ ಗಿಡ್ಡ. ಆ ಹೊತ್ತಿನಲ್ಲಿ ಕೊಡೆ, ತುಂಬುತೋಳು, ತಲೆಗೆ ಸೆರಗೋ ಟೋಪಿಯೋ ಮೊದಲು. ತೆರೆದುಳಿದ ಜಾಗಕ್ಕೆ ಸನ್‌ಸ್ಕ್ರೀನ್. ಶಾಲೆಗಳು ಆಟದ ಪೀರಿಯಡ್ಡನ್ನು ಬೆಳಗ್ಗೆಗೋ ಸಂಜೆಗೋ ಸರಿಸಬೇಕು. ಇಂದು ನೆಟ್ಟ ಸಸಿ ರಸ್ತೆಗೆ ನೆರಳಾಗಲು ಇಪ್ಪತ್ತು ವರ್ಷವಾದರೂ ಬೇಕು. ಈಗ ಹತ್ತು ವರ್ಷದ ಮಗುವಿಗೆ ಆಗ ಮೂವತ್ತು. ಅಷ್ಟೂ ವರ್ಷದ ಬಿಸಿಲಿನ ಲೆಕ್ಕ ಅದರ ಚರ್ಮದಲ್ಲೂ ಕಣ್ಣಲ್ಲೂ ಜಮೆಯಾಗಿರುತ್ತದೆ.