ದೇವರ ಹೆಸರಿನಲ್ಲಿ ನಿಂತ ಕಾಡು

ಶ್ರೀರಂಗಪಟ್ಟಣವು ಪತನಗೊಂಡ ಮರುವರ್ಷ, ಎಂದರೆ 1800ರಲ್ಲಿ, ಹೊಸದಾಗಿ ಕೈವಶವಾದ ಸೀಮೆಗಳ ಬೇಸಾಯ, ವ್ಯಾಪಾರ, ವನಸಂಪತ್ತುಗಳನ್ನು ಕಣ್ಣಾರೆ ಕಂಡು ವರದಿ ಮಾಡತಕ್ಕದ್ದೆಂದು ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರದಿಂದ ನಿಯುಕ್ತನಾದ ವೈದ್ಯ ಫ್ರಾನ್ಸಿಸ್ ಬುಕನನ್ನನು, ಮೈಸೂರು ಮಲಬಾರುಗಳನ್ನು ಹಾದು ಉತ್ತರ ಕನ್ನಡದ ಕಡೆಗೆ ಬಂದಾಗ, ಅಲ್ಲಿನ ಕಾಡುಗಳು ಆಯಾ ಗ್ರಾಮದೇವತೆಯ ಸ್ವತ್ತೆಂಬುದನ್ನೂ, ಊರ ಗೌಡನೇ ಆ ದೇವರ ಪೂಜಾರಿಯೂ ಆಗಿರುವುದರಿಂದ ಅವನ ಅಪ್ಪಣೆಯಿಲ್ಲದೆ ಮರಕ್ಕೆ ಕೊಡಲಿ ತಗುಲಿಸಕೂಡದೆಂಬುದನ್ನೂ, ಅಪ್ಪಣೆಗಾಗಿ ದೇವರಿಗೆ ಏನನ್ನೂ ತೆರಬೇಕಾಗಿಲ್ಲವಾದರೂ ಕೇಳದೆ ಕಡಿದವನನ್ನು ದೇವರ ಕೋಪ ಬಿಡದೆಂಬ ನಂಬಿಕೆಯನ್ನೂ ಕೇಳಿ ಬರೆದುಕೊಂಡನು. ಬರೆದುಕೊಂಡುದಷ್ಟೇ ಅಲ್ಲ, ಸರ್ಕಾರವು ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಜನರು ಹೂಡಿದ ಉಪಾಯವಿದು ಎಂದು ತೀರ್ಪನ್ನೂ ಕೊಟ್ಟುಬಿಟ್ಟನು.

ಬುಕನನ್ನನ ಸಂಶಯವು ಕಂದಾಯವನ್ನು ಲೆಕ್ಕ ಹಾಕಲು ಬಂದವನ ಸಂಶಯ. ಅದನ್ನು ಅವನಿಗೇ ಬಿಡೋಣ. ಆದರೆ ಅವನು ಕಂಡ ಸಂಗತಿಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಕಾಡಿಗೆ ಒಡೆಯನಿದ್ದನು, ಆ ಒಡೆಯನ ಪರವಾಗಿ ಹೌದು ಅಲ್ಲವೆನ್ನುವ ಅಧಿಕಾರಿಯಿದ್ದನು, ಅಪ್ಪಣೆ ಕೇಳುವ ಕ್ರಮವಿದ್ದಿತು, ಮೀರಿದವನಿಗೆ ದಂಡನೆಯೂ ಇದ್ದಿತು. ಭಕ್ತಿಯೊಂದರಿಂದಲೇ ವನವು ಉಳಿಯಿತೆಂದು ಇಂದು ನಾವು ಭಾವುಕರಾಗಿ ಹೇಳುವಾಗ, ಆ ಭಕ್ತಿಯು ಒಂದು ಆಡಳಿತವನ್ನು ತನ್ನೊಳಗೆ ಹೊತ್ತುಕೊಂಡಿತ್ತೆಂಬುದನ್ನು ಮರೆಯುತ್ತೇವೆ.

ಇದರ ಸಾಕ್ಷ್ಯವನ್ನು ಕಾಣಬೇಕಾದರೆ ಕೊಡಗಿಗೆ ಹೋಗಬೇಕು. ನಮ್ಮ ನಾಡಿನ ಬೇರೆ ಭಾಗಗಳಲ್ಲಿ ದೇವರ ಬನಗಳಿಲ್ಲವೆಂದಲ್ಲ. ಕರಾವಳಿಯ ನಾಗಬನಗಳನ್ನೂ, ಸಿದ್ದಾಪುರ ಶಿರಸಿಗಳ ಕಡೆಯ ಕಾನುಗಳನ್ನೂ ಎಲ್ಲರೂ ಬಲ್ಲರು. ಆದರೆ ನಾಲ್ಕು ಸಾವಿರದ ನೂರು ಚದರ ಕಿಲೋಮೀಟರಿನಷ್ಟು ವಿಸ್ತಾರವುಳ್ಳ ಪುಟ್ಟ ಜಿಲ್ಲೆಯೊಂದರಲ್ಲಿ 1,214 ದೇವರಕಾಡುಗಳು ದಾಖಲೆಗೆ ಬಂದಿರುವುದು ಅಪೂರ್ವ. ಅವುಗಳ ಒಟ್ಟು ವಿಸ್ತೀರ್ಣ ಸುಮಾರು 2,550 ಹೆಕ್ಟೇರು. ಸರಾಸರಿ ತೆಗೆದರೆ ಒಂದೊಂದಕ್ಕೂ ಬರುವುದು ಎರಡು ಹೆಕ್ಟೇರು ಮಾತ್ರ. ಗದ್ದೆಯ ಅಂಚಿನಲ್ಲೋ, ಕಾಫಿ ತೋಟಗಳ ನಡುವೆಯೋ, ಹೊಳೆಯ ತಿರುವಿನಲ್ಲೋ ಹುದುಗಿಕೊಂಡಿರುವ ಈ ಕಿರುವನಗಳಲ್ಲಿ ಬೇಟೆಯ ದೈವವಾದ ಅಯ್ಯಪ್ಪನಿದ್ದಾನೆ, ಭಗವತಿಯಿದ್ದಾಳೆ, ಭದ್ರಕಾಳಿಯಿದ್ದಾಳೆ, ಮಹಾದೇವನಿದ್ದಾನೆ. ಅಯ್ಯಪ್ಪನಿಗೆ ಹರಕೆಯಾಗಿ ಒಪ್ಪಿಸಿದ ಸುಟ್ಟ ಮಣ್ಣಿನ ನಾಯಿಗಳು ಮರದ ಬುಡದಲ್ಲಿ ಹಿಂಡುಹಿಂಡಾಗಿ, ಪಾಚಿಗಟ್ಟಿ, ಕೆಲವು ಕಿವಿ ಮುರಿದು ನಿಂತಿರುವುದನ್ನು ಕಂಡವರಿಗೆ, ಬೇಟೆಗಾರ ದೇವರು ತನ್ನ ಪರಿವಾರವನ್ನು ಇಲ್ಲಿ ತಂಗಿಸಿ ಎಲ್ಲಿಗೋ ಹೋಗಿದ್ದಾನೆಂದು ತೋರಿದರೆ ಆಶ್ಚರ್ಯವಿಲ್ಲ.

ದೇವರಕಾಡಿನ ಒಡೆತನವು ವ್ಯಕ್ತಿಯದಲ್ಲ, ಊರಿನದು. ಆ ಊರಿನ ಒಕ್ಕಗಳಲ್ಲಿ, ಎಂದರೆ ಮನೆತನಗಳಲ್ಲಿ, ಒಂದಕ್ಕೆ ವಂಶಪಾರಂಪರ್ಯವಾಗಿ ತಕ್ಕತನವು ಸಲ್ಲುತ್ತದೆ; ತಕ್ಕನು ಹಬ್ಬದ ದಿನವನ್ನು ಗೊತ್ತುಮಾಡುತ್ತಾನೆ, ಊರನ್ನು ಕೂಡಿಸುತ್ತಾನೆ, ವ್ಯಾಜ್ಯ ಬಂದಲ್ಲಿ ಹಿರಿಯರೊಡನೆ ಕುಳಿತು ತೀರ್ಮಾನಿಸುತ್ತಾನೆ. ಹಬ್ಬಕ್ಕೆ ಮುನ್ನ ಊರಿಗೆ ಕಟ್ಟು ಬೀಳುತ್ತದೆ. ಕಟ್ಟು ಬಿದ್ದ ದಿನದಿಂದ ಅದು ಕಳೆಯುವವರೆಗೆ ಹಸಿಮರವನ್ನು ಕಡಿಯಬಾರದು, ಪ್ರಾಣಿವಧೆ ಕೂಡದು. ಈ ನಿಯಮಗಳನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಮರ ಕಡಿಯುವ ಕೈಯನ್ನು ವರ್ಷಕ್ಕೊಮ್ಮೆಯಾದರೂ ಇಡೀ ಊರು ಒಟ್ಟಾಗಿ ತಡೆಹಿಡಿಯುವ ಬೇರೊಂದು ಏರ್ಪಾಡನ್ನು ನಾವು ಈವರೆಗೆ ಕಟ್ಟಿಲ್ಲ. ಭಕ್ತಿಯೆಂದರೆ ಎಲ್ಲೆಡೆಯೂ ಗಾಂಭೀರ್ಯವೇ ಎಂದು ತಿಳಿಯಬೇಕಾಗಿಯೂ ಇಲ್ಲ. ದಕ್ಷಿಣ ಕೊಡಗಿನ ದೇವರಪುರದಲ್ಲಿ ಜೇನುಕುರುಬರೂ ಯರವರೂ ಸೇರಿ ಆಚರಿಸುವ ಕುಂಡೆಹಬ್ಬದಲ್ಲಿ, ಭದ್ರಕಾಳಿಯ ಮೋಹಕ್ಕೆ ಸಿಲುಕಿ ತಮ್ಮನ್ನು ನಡುಗಾಡಿನಲ್ಲಿ ಕೈಬಿಟ್ಟ ದೇವರನ್ನು ಭಕ್ತರು ವಿಚಿತ್ರ ವೇಷ ತೊಟ್ಟು ಮನಸಾರೆ ಬೈಯುತ್ತಾರೆ. ಬೈಯಬಲ್ಲಷ್ಟು ಸಲಿಗೆಯುಳ್ಳ ದೇವರು ಆತ; ಕಾಡಿನ ನೆಂಟ.

ಇಷ್ಟು ಸಣ್ಣ ತುಂಡುಗಳಿಂದ ಆಗುವ ಪ್ರಯೋಜನವೇನೆಂದು ಕೇಳುವವರುಂಟು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ವಿದ್ವಾಂಸರೂ ಅವರ ಜತೆಗಾರರೂ ದೇವರಕಾಡು, ಸಂರಕ್ಷಿತಾರಣ್ಯ, ಕಾಫಿ ತೋಟ ಈ ಮೂರರಲ್ಲಿಯೂ ಮರಗಳನ್ನೂ ಹಕ್ಕಿಗಳನ್ನೂ ಅಣಬೆಗಳನ್ನೂ ಎಣಿಸಿ ಹೋಲಿಸಿ ನೋಡಿ, ತಮಗೆ ದೊರೆತ ಫಲಿತಾಂಶಗಳನ್ನು 2005ರಲ್ಲಿ ಪ್ರಕಟಿಸಿದರು. ಅಳಿವಿನಂಚಿನಲ್ಲಿರುವ ಕೆಲವು ವೃಕ್ಷಜಾತಿಗಳು ಅವರು ನೋಡಿದ ಸಂರಕ್ಷಿತಾರಣ್ಯದಲ್ಲಿ ಕಾಣಸಿಗದೆ ದೇವರಕಾಡಿನಲ್ಲಿ ಮಾತ್ರ ಉಳಿದಿದ್ದುದು ಅವರ ಶೋಧನೆಯಲ್ಲಿ ಮುಖ್ಯವಾದದ್ದು. ಇದರಲ್ಲಿ ಪವಾಡವೇನೂ ಇಲ್ಲ. ಸರ್ಕಾರದ ದೊಡ್ಡ ಅರಣ್ಯಗಳು ಬಹುಮಟ್ಟಿಗೆ ಜನವಸತಿಯಿಲ್ಲದ ಘಟ್ಟದ ಇಳಿಜಾರುಗಳಲ್ಲಿಯೂ ಗಡಿಗಳಲ್ಲಿಯೂ ಇವೆ. ಬೇಸಾಯಕ್ಕೊಗ್ಗುವ ಫಲವತ್ತಾದ ನೆಲದಲ್ಲಿ ಬೆಳೆಯುತ್ತಿದ್ದ ಕಾಡು ಗದ್ದೆಗೂ ತೋಟಕ್ಕೂ ಬಲಿಯಾದಾಗ, ಅದರ ಮಾದರಿಯನ್ನು ಉಳಿಸಿಕೊಂಡದ್ದು ದೇವರ ಹೆಸರಿನ ತುಣುಕು ಮಾತ್ರ. ಬೀಜ ಹೊರುವ ಮಂಗಟ್ಟೆಗೂ, ಕಾಫಿಯ ಹೂವಿಗೆ ಬರುವ ಜೇನಿಗೂ ಅದೇ ತಂಗುದಾಣ.

ಹೀಗೆ ನಿಂತಿದ್ದ ಕಾಡು ಕರಗಿದ್ದು ಹೇಗೆ? 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಕಾಫಿಯು ಹಬ್ಬಿತು. ಕಾಡು ಕಂದಾಯದ ದೃಷ್ಟಿಗೆ ಬಿದ್ದಿತು. ಆದರೂ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ ಡೀಟ್ರಿಚ್ ಬ್ರಾಂಡಿಸ್ ದೇವರಕಾಡುಗಳನ್ನು ಮೆಚ್ಚಿ ಬರೆದನು. ಆತ ಮೆಚ್ಚಿದರೂ ಕಡತಗಳು ಮೆಚ್ಚಲಿಲ್ಲ. 1905ರಲ್ಲಿ ಈ ಕಾಡುಗಳು ಕಂದಾಯ ಇಲಾಖೆಗೆ ಸೇರಿ, ಎಂಬತ್ತು ವರ್ಷಗಳ ತರುವಾಯ, 1985ರಲ್ಲಿ, ಅರಣ್ಯ ಇಲಾಖೆಗೆ ಬರುವಷ್ಟರಲ್ಲಿ, ಆರು ಸಾವಿರ ಹೆಕ್ಟೇರಿಗೂ ಮಿಕ್ಕಿದ್ದ ವಿಸ್ತೀರ್ಣವು ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಒತ್ತುವರಿ ಮಾಡಿದವರಲ್ಲಿ ಇರಲು ನೆಲೆಯಿಲ್ಲದ ಕೂಲಿಕಾರರಿದ್ದರು. ತೋಟದ ಬೇಲಿಯನ್ನು ವರ್ಷಕ್ಕಿಷ್ಟು ಎಂದು ಮುಂದಕ್ಕೆ ಸರಿಸಿದ ಅನುಕೂಲಸ್ಥರೂ ಇದ್ದರು. ಮೊದಲನೆಯವರ ಹೆಸರು ಮಾತ್ರ ಎಲ್ಲರ ಬಾಯಲ್ಲಿರುವುದು ನ್ಯಾಯವಲ್ಲ. ತಕ್ಕನಿಗೆ ಊರಿನ ಗೌರವವಿದ್ದಿತೇ ಹೊರತು ಕಡತದಲ್ಲಿ ಅಧಿಕಾರವಿರಲಿಲ್ಲ. ಅಧಿಕಾರವಿದ್ದ ಇಲಾಖೆಗೆ ಆ ದೇವರ ಪರಿಚಯವಿರಲಿಲ್ಲ. ನಂಬಿಕೆಯು ಒಂದೆಡೆಯೂ ಆಡಳಿತವು ಇನ್ನೊಂದೆಡೆಯೂ ಆದಾಗ ನಡುವಿನ ನೆಲವು ಯಾರ ಪಾಲಾಗಬಹುದೋ ಅವರ ಪಾಲಾಯಿತು.

ನಂಬಿಕೆ ಕ್ಷೀಣಿಸಿದ್ದರಿಂದಲೇ ಕಾಡು ಹೋಯಿತೆಂಬ ಮಾತನ್ನು ಹಿರಿಯರು ಆಗಾಗ ಆಡುತ್ತಾರೆ. ನನಗೆ ಅದು ಪೂರ್ಣವಾಗಿ ಒಪ್ಪಿಗೆಯಾಗದು. ಅನೇಕ ಕಡೆ ಭಕ್ತಿಯು ಕುಂದಿಲ್ಲ, ಬೆಳೆದಿದೆ, ಬೆಳೆದದ್ದೇ ತೊಡಕಾಗಿದೆ. ಮರದಡಿಯ ಕಲ್ಲಿಗೂ ತ್ರಿಶೂಲಕ್ಕೂ ಗುಡಿ ಕಟ್ಟಬೇಕೆನಿಸುತ್ತದೆ; ಗುಡಿಗೆ ಕಾಂಕ್ರೀಟಿನ ಪ್ರಾಕಾರ, ಪ್ರಾಕಾರದಾಚೆ ಸಭಾಭವನ, ಭವನಕ್ಕೆ ಬರುವ ವಾಹನಗಳಿಗೆ ಅಂಗಳ, ಈ ಎಲ್ಲಕ್ಕೂ ನೆಲ ಬೇಕು, ಕೆಲವೊಮ್ಮೆ ಮರ ಮಾರಿದ ಹಣವೂ ಬೇಕು. ಕಾಡಿನಲ್ಲಿ ವ್ಯಾಪಿಸಿದ್ದ ದೈವತ್ವವು ಗರ್ಭಗುಡಿಯೊಳಗೆ ಸಂಗ್ರಹವಾದ ಮೇಲೆ ಹೊರಗಿನ ಮರವು ಬರಿಯ ಮರವಾಗುತ್ತದೆ. ಆದುದರಿಂದ ಅರಣ್ಯರಕ್ಷಣೆಯಲ್ಲಿ ಆಧ್ಯಾತ್ಮಿಕ ಮೌಲ್ಯವೆಂದು ಒಟ್ಟಾರೆ ಹೊಗಳುವವರು, ಯಾವ ಮೌಲ್ಯ, ಅದು ಯಾವುದಕ್ಕೆ ಅಂಟಿಕೊಂಡಿದೆ ಎಂದು ವಿಚಾರಿಸಬೇಕು. ನೆಲಕ್ಕೂ ನೀರಿಗೂ ಅಂಟಿಕೊಂಡ ಭಕ್ತಿ ಬೇರೆ, ಕಟ್ಟಡಕ್ಕೆ ಅಂಟಿಕೊಂಡದ್ದು ಬೇರೆ.

ಈಚೆಗೆ ಊರಿನ ದೇವರಕಾಡು ಸಮಿತಿಗಳಿಗೆ ಅರಣ್ಯ ಇಲಾಖೆಯು ಪಾಲುದಾರಿಕೆ ಕೊಡುವ ಪ್ರಯತ್ನಗಳು ನಡೆದಿವೆ. ರಾಜಸ್ಥಾನದ ಓರಣಗಳೆಂಬ ದೇವರ ಬನಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ, ಅವುಗಳನ್ನು ಅಳೆದು, ಗುರುತಿಸಿ, ಸಮುದಾಯದ ಪಾಲನೆಗೆ ಮನ್ನಣೆ ಕೊಡತಕ್ಕದ್ದೆಂದು ವಿಧಿಸಿತು. ಕೊಡಗಿನಲ್ಲಿಯೂ ಗಡಿಯನ್ನು ಅಳೆದು ಕಲ್ಲು ನೆಡುವ ಕಾರ್ಯವೇ ಮೊದಲಾಗಬೇಕು; ಆ ಬಳಿಕ ತಕ್ಕನಿಗೂ ಸಮಿತಿಗೂ, ಮುಖ್ಯವಾಗಿ, ಹಬ್ಬದಲ್ಲಿ ಕುಣಿದರೂ ತೀರ್ಮಾನದ ಕೂಟದಲ್ಲಿ ಜಾಗ ಸಿಗದ ಯರವರಿಗೂ ಕುರುಬರಿಗೂ, ಕಾಡಿನ ವಿಷಯದಲ್ಲಿ ಮಾತಿನ ಅಧಿಕಾರ ದೊರೆಯಬೇಕು. ದೇವರಕಾಡಿನ ಸುತ್ತಲ ತೋಟಗಳಲ್ಲಿ ನಾಡಮರಗಳ ನೆರಳು ಇರುವವರೆಗೆ ಹಕ್ಕಿಗಳು ಒಂದು ಬನದಿಂದ ಇನ್ನೊಂದಕ್ಕೆ ಸಂಚರಿಸಬಲ್ಲವು; ಆ ನಾಡಮರಗಳನ್ನು ತೆಗೆದು ಬೇಗ ಬೆಳೆದು ಬೇಗ ಹಣವಾಗುವ ಸಿಲ್ವರ್ ಓಕನ್ನು ಹಾಕುವ ಪರಿಪಾಠವು ಹೆಚ್ಚುತ್ತಿದೆ. ಅಲ್ಲಿ ತಕ್ಕನ ಮಾತೂ ನಡೆಯದು, ಇಲಾಖೆಯ ಸಮಿತಿಯೂ ಒಳಹೋಗದು. ತೋಟದ ಯಜಮಾನನೊಡನೆಯೇ ಆ ಮಾತನ್ನು ಆಡಬೇಕಾಗಿದೆ.